ಒಂದೇ ಟೆಲಿಸ್ಕೋಪಿಗೆ ಮೂರು ಕ್ಯಾಮೆರಾ

ನನ್ನದು 8 ಇಂಚಿನ ಡಾಬ್ಸೋನಿಯನ್, ಅಂದರೆ ತಿರುಗುವ ಪೀಠದ ಮೇಲೆ ಕೂತ ಕನ್ನಡಿ ಟೆಲಿಸ್ಕೋಪು; ಫೋಕಲ್ ದೂರ (ಕನ್ನಡಿಯಿಂದ ಬಿಂಬ ಮೂಡುವ ಜಾಗದವರೆಗಿನ ದೂರ) 1200 ಮಿ.ಮೀ. ಆಕಾಶದ ಓಟವನ್ನು ಹಿಂಬಾಲಿಸಲು ಮೋಟಾರಿಲ್ಲ, ಕೈಯಲ್ಲೇ ತಳ್ಳಬೇಕು. ಇದಕ್ಕೆ ಮೊದಲು ಫೋನು, ಆಮೇಲೆ ಡಿಎಸ್‌ಎಲ್‌ಆರ್, ಕೊನೆಗೆ ಗ್ರಹಗಳಿಗೆಂದೇ ಇರುವ ಪುಟ್ಟ ಯುಎಸ್‌ಬಿ ಕ್ಯಾಮೆರಾ ಹಾಕಿ ನೋಡಿದೆ. ಡಿಎಸ್‌ಎಲ್‌ಆರ್ ಗೆಲ್ಲುತ್ತದೆ ಅಂತ ಪಂದ್ಯ ಕಟ್ಟುವಷ್ಟು ನಂಬಿಕೆಯಿತ್ತು.

ಚಂದ್ರನ ಮಟ್ಟಿಗೆ ಫೋನನ್ನು ಹಗುರವಾಗಿ ಕಾಣಬೇಡಿ. 25 ಮಿ.ಮೀ. ಐಪೀಸಿಗೆ (ಕಣ್ಣಿಟ್ಟು ನೋಡುವ ಮಸೂರ; ಅಂಕಿ ಚಿಕ್ಕದಾದಷ್ಟೂ ಚಿತ್ರ ದೊಡ್ಡದು) ಕ್ಲಾಂಪಿನಲ್ಲಿ ಬಿಗಿದು, ಪರದೆಯ ಮೇಲೆ ಬೆರಳೊತ್ತಿ ಬೆಳಕು ಇಳಿಸಿ, 3 ಸೆಕೆಂಡಿನ ಟೈಮರ್ ಇಟ್ಟರೆ ಇಡೀ ಚಂದ್ರ ಒಂದೇ ಚಿತ್ರದಲ್ಲಿ ಬರುತ್ತಾನೆ. ಹುಣ್ಣಿಮೆ ಮಾತ್ರ ಬೇಡ, ನೆರಳಿಲ್ಲದೆ ಎಲ್ಲ ಚಪ್ಪಟೆ. ಶುಕ್ಲ ನವಮಿ, ದಶಮಿಯ ಹೊತ್ತಿಗೆ 93 ಕಿ.ಮೀ. ಅಗಲದ ಕೋಪರ್ನಿಕಸ್ ಕುಳಿಯ ಮೆಟ್ಟಿಲು ಗೋಡೆ 10 ಮಿ.ಮೀ. ಐಪೀಸಿನಲ್ಲಿ ಫೋನಿಗೂ ಸಿಕ್ಕಿತು. ಗುರು ಗ್ರಹ? ಬಿಳಿ ಬೊಟ್ಟು. ಬೆಳಕು ತಗ್ಗಿಸಿದ ಮೇಲೆ ಎರಡು ಪಟ್ಟೆ, ಅಷ್ಟೇ.

ಡಿಎಸ್‌ಎಲ್‌ಆರ್ ಭಾರಕ್ಕೆ ಕೊಳವೆ ಮೂತಿ ತಗ್ಗಿಸಿ ಕೂತಿತು. ಫೋಕಸರನ್ನು ಪೂರ್ತಿ ಒಳಗೆ ತಳ್ಳಿದರೂ ಚಿತ್ರ ಸ್ಪಷ್ಟವಾಗಲಿಲ್ಲ. ಬಿಂಬವನ್ನು 2 ಪಟ್ಟು ಹಿಗ್ಗಿಸುವ ಬಾರ್ಲೋ ಮಸೂರ ಹಾಕಿದೆ, ಫೋಕಸ್ ಬಂತು. ಆದರೆ ಈಗ ಚಂದ್ರನ ಬಿಂಬವೇ ಸುಮಾರು 22 ಮಿ.ಮೀ., ನನ್ನ ಸೆನ್ಸರಿನ ಎತ್ತರ 15! ತುಂಡು ತುಂಡಾಗಿ ತೆಗೆದು ಹೊಲಿಯಬೇಕಾಯಿತು. ಹೊಲಿದದ್ದು ಫೋನಿನದಕ್ಕಿಂತ ಚೂಪಾಗಿತ್ತು, ಒಪ್ಪುತ್ತೇನೆ.

ಯುಎಸ್‌ಬಿ ಕ್ಯಾಮೆರಾದ ಸೆನ್ಸರ್ 4.8 ಮಿ.ಮೀ. ಅಗಲ, ಬೆರಳುಗುರಿಗಿಂತ ಚಿಕ್ಕದು. ಅದರ ಬಲವೆಲ್ಲ ಫ್ರೇಮುಗಳ ಲೆಕ್ಕದಲ್ಲಿದೆ. ಗಾಳಿಯ ಅಲೆಯಲ್ಲಿ ಗ್ರಹ ಕುದಿಯುವ ನೀರಿನ ತಳದ ನಾಣ್ಯದಂತೆ ನಡುಗುತ್ತಿರುತ್ತದೆ, ನಡುನಡುವೆ ಒಂದು ಕ್ಷಣ ನಿಲ್ಲುತ್ತದೆ. ಸೆಕೆಂಡಿಗೆ 60 ಫ್ರೇಮ್ ಹಿಡಿದರೆ ಆ ಕ್ಷಣಗಳೂ ಬಲೆಗೆ ಬೀಳುತ್ತವೆ. ಆಟೋಸ್ಟ್ಯಾಕರ್ಟ್ ಎಂಬ ತಂತ್ರಾಂಶದಲ್ಲಿ ಒಳ್ಳೆಯ 15 ಶೇಕಡಾ ಫ್ರೇಮು ಆರಿಸಿ ಒಂದರ ಮೇಲೊಂದು ಪೇರಿಸಿ, ರೆಜಿಸ್ಟ್ಯಾಕ್ಸ್ ಎಂಬ ಇನ್ನೊಂದರಲ್ಲಿ ಚೂಪು ಮಾಡಿದಾಗ ಗುರುವಿನ ಕೆಂಪು ಮಚ್ಚೆ ಎದ್ದು ಬಂತು. ಶನಿಯ ಬಳೆಗಳ ನಡುವಿನ ಕಪ್ಪು ಸಂದು, ಕ್ಯಾಸಿನಿ ಸೀಳೂ ಕಂಡಿತು.

ಕಷ್ಟವೂ ಇದರದ್ದೇ ಹೆಚ್ಚು. ಬಾರ್ಲೋ ಜೊತೆ ಗ್ರಹ ಚೌಕಟ್ಟನ್ನು ದಾಟಲು 27 ಸೆಕೆಂಡು ಸಾಕು. ತಳ್ಳು, ಕಾಯಿ, ಮತ್ತೆ ತಳ್ಳು. ಗುರು 10 ಗಂಟೆಯೊಳಗೆ ಒಂದು ಸುತ್ತು ಮುಗಿಸುವುದರಿಂದ ಎರಡು ಮೂರು ನಿಮಿಷದಲ್ಲಿ ಎಲ್ಲ ವಿಡಿಯೊ ತುಣುಕು ಹಿಡಿಯಬೇಕು, ಇಲ್ಲವಾದರೆ ವಿವರ ಕಲಸಿಹೋಗುತ್ತದೆ. ಕನ್ನಡಿಯನ್ನು ಮುಕ್ಕಾಲು ಗಂಟೆ ಹೊರಗಿಟ್ಟು ತಣಿಸದಿದ್ದರೆ ಯಾವ ಕ್ಯಾಮೆರಾ ಹಾಕಿದರೂ ದಂಡ.

ಈಗ ಗ್ರಹಗಳಿಗೆ ಯುಎಸ್‌ಬಿ ಕ್ಯಾಮೆರಾ, ಲ್ಯಾಪ್‌ಟಾಪ್ ಹೊರತರಲು ಬೇಸರವಾದ ರಾತ್ರಿ ಚಂದ್ರನಿಗೆ ಫೋನು. ಡಿಎಸ್‌ಎಲ್‌ಆರ್ ಮತ್ತೆ ಹಕ್ಕಿಗಳ ಬೆನ್ನು ಹತ್ತಿದೆ.