ಬಂಕಿನ 5 ಲೀಟರ್ ಅಳತೆ ಪಾತ್ರೆ: ಕೇಳಿದವರಿಗಷ್ಟೇ ಸಿಗುವ ಸೇವೆ

ಶಿವಮೊಗ್ಗದ ಬಿ.ಎಚ್. ರಸ್ತೆಯಿರಲಿ, ತೀರ್ಥಹಳ್ಳಿ, ಸಾಗರದ ದಾರಿಯಿರಲಿ, ಪೆಟ್ರೋಲ್ ಬಂಕಿನಲ್ಲಿ ಗಾಳಿ, ಕುಡಿಯುವ ನೀರಿನ ಜೊತೆಗೆ ಇನ್ನೊಂದು ಉಚಿತ ಸೇವೆ ಇರಲೇಬೇಕು: ಸರ್ಕಾರಿ ಮುದ್ರೆ ಬಿದ್ದ 5 ಲೀಟರಿನ ಅಳತೆ ಪಾತ್ರೆ. ಎಣ್ಣೆ ಕಮ್ಮಿ ಬಂತು ಅನ್ನಿಸಿದವರು ಇದನ್ನು ಕೇಳಿ ಪಡೆಯಬಹುದು. ಈ ಸೇವೆಗೆ 5ಕ್ಕೆ 4 ಅಂಕ ಕೊಡುತ್ತೇವೆ. ಕಡಿತವಾದ ಒಂದು ಅಂಕ ಪಾತ್ರೆಯ ದೋಷಕ್ಕಲ್ಲ, ಅದಕ್ಕೆ ಸಿಗದ ಕೆಲವು ಮೋಸಗಳಿಗೆ.

ಪಾತ್ರೆಯ ಕತ್ತು ಸಣ್ಣದು, ಅಲ್ಲೇ ಗೆರೆ ಇರುತ್ತೆ. ಕತ್ತು ಸಣ್ಣದಾದ್ದರಿಂದಲೇ ನಾಲ್ಕು ಚಮಚ ಎಣ್ಣೆ ಹೆಚ್ಚುಕಮ್ಮಿಯಾದರೂ ಮಟ್ಟ ಎದ್ದು ಕಾಣುತ್ತೆ. ಮೊದಲು ಪಾತ್ರೆಗೆ ಪೆಟ್ರೋಲ್ ತುಂಬಿಸಿ, ಸುರಿದು, ಅರ್ಧ ನಿಮಿಷ ಬಗ್ಗಿಸಿ ಹಿಡಿಯಬೇಕು. ಈ ಹೆಜ್ಜೆ ಬಿಟ್ಟರೆ ಒಣ ಪಾತ್ರೆಯ ಒಳಗೋಡೆಗೆ ಅಂಟಿದಷ್ಟು ಎಣ್ಣೆ ಕಮ್ಮಿ ಕಂಡು, ತಪ್ಪಿಲ್ಲದ ಪಂಪಿನ ಮೇಲೆ ಗೂಬೆ ಕೂರುತ್ತೆ. ಆಮೇಲೆ ಸಮತಟ್ಟಾದ ಜಾಗ ನೋಡಬೇಕು. ನಮ್ಮ ಮಲೆನಾಡಿನಲ್ಲಿ ಎಷ್ಟೋ ಬಂಕುಗಳ ಅಂಗಳ ರಸ್ತೆಯ ಕಡೆಗೆ ಇಳಿಜಾರು; ಪಾತ್ರೆ ಸ್ವಲ್ಪ ವಾಲಿದರೂ ಮಟ್ಟ ಸುಳ್ಳು ಹೇಳುತ್ತೆ. ಮೀಟರ್ ಸೊನ್ನೆಗೆ ತಂದು, 5.00 ಲೀಟರ್ ಹಾಕಿಸಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದಿ. 25 ಮಿಲಿಲೀಟರ್ ಆಚೀಚೆ ಆಗುವುದಕ್ಕೆ ಅವಕಾಶವಿದೆ. ಲೀಟರಿಗೆ 100 ರೂಪಾಯಿ ಅಂತ ಹಿಡಿದರೆ 500 ರೂಪಾಯಿ ಎಣ್ಣೆಯಲ್ಲಿ ಅದು ಎರಡೂವರೆ ರೂಪಾಯಿ. ಈ 25 ಮಿಲಿಲೀಟರ್ ಮೀರಿ ಕಮ್ಮಿ ಬಂದರೆ ಆ ನಾಝಲ್ ನಿಲ್ಲಿಸಲೇಬೇಕು. ಅಳೆದ ಎಣ್ಣೆ ವಾಪಸ್ ನೆಲದಡಿಯ ಟ್ಯಾಂಕಿಗೆ ಹೋಗುತ್ತೆ, ಅದಕ್ಕೆ ದುಡ್ಡಿಲ್ಲ.

ಮೀಟರ್ ಸವೆದರೆ ಗಿರಾಕಿಗೇ ನಷ್ಟ ಅಂತ ಹೇಳಲಾಗದು. ಮೀಟರಿನೊಳಗೆ ಎಣ್ಣೆ ಅಳೆಯುವ ಪಿಸ್ಟನ್ ಸವೆದಾಗ ಎಣ್ಣೆ ಲೆಕ್ಕಕ್ಕೆ ಸಿಗದೆ ನುಸುಳಿ ಗಿರಾಕಿಗೇ ಹೆಚ್ಚು ಹೋಗುವುದುಂಟು, ನಷ್ಟ ಬಂಕಿನವರಿಗೆ. ಹಾಗಾಗಿ ಎಲ್ಲ ನಾಝಲ್‌ಗಳಲ್ಲೂ ಗಿರಾಕಿಗೆ ಕಮ್ಮಿಯೇ ಬರುತ್ತಿದ್ದರೆ, ಸವೆತದ ನೆಪ ನಂಬಬೇಡಿ.

ಇನ್ನು ಪಾತ್ರೆಗೆ ಸಿಗದ ಮೋಸ. 500ಕ್ಕೆ ಹೇಳಿದಾಗ 200ಕ್ಕೆ ನಿಲ್ಲಿಸಿ, ಮಾತಿಗೆಳೆದು, ಉಳಿದ 300ಕ್ಕೆ ಹಾಕುತ್ತೇನೆ ಅಂತ ಹೇಳಿ, ಸೊನ್ನೆಗೆ ತರದೆ ಮೀಟರ್ 300 ತೋರಿಸುವವರೆಗಷ್ಟೇ ಹಾಕಿ 500 ಪಡೆದರೆ 200 ರೂಪಾಯಿ ಕೈಬಿಟ್ಟಿತು. ಅಳತೆ ಸರಿಯಾಗಿಯೇ ಇರುತ್ತೆ, ಲೆಕ್ಕ ಮಾತ್ರ ತಪ್ಪು. ಸ್ಕೂಟರಿನಿಂದ ಇಳಿದು ಸೊನ್ನೆ ನೋಡುವುದೊಂದೇ ದಾರಿ. 2017ರಲ್ಲಿ ಲಖನೌದಲ್ಲಿ ಪೊಲೀಸರು ಪಂಪುಗಳೊಳಗೆ ಹಿಡಿದ ಎಲೆಕ್ಟ್ರಾನಿಕ್ ಚಿಪ್‌ಗಳು ಇನ್ನೂ ಜಾಣತನದವು: ರಿಮೋಟ್ ಒತ್ತಿದರೆ ಮೋಸ, ಬಿಟ್ಟರೆ ಸರಿ ಅಳತೆ. ಪಾತ್ರೆ ತರಲು ಹೋದಷ್ಟರಲ್ಲಿ ರಿಮೋಟ್ ಆರಿಸಿಬಿಡಬಹುದು. ಅಂಥ ಕಡೆ ಪಂಪಿನೊಳಗಿನ ಸೀಸದ ಮುದ್ರೆ ತುಂಡಾಗಿದೆಯೇ ಅಂತ ತೂಕ-ಅಳತೆ ನೋಡುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಇನ್ಸ್‌ಪೆಕ್ಟರ್ ಬಂದು ತೆರೆದು ನೋಡಬೇಕು.

100ರ ಬದಲು 110 ರೂಪಾಯಿಗೆ ಹಾಕಿಸಿದರೆ ಮೋಸವಿಲ್ಲ ಅನ್ನುವ ಮಾತು ಬರೀ ನಂಬಿಕೆ. ಮೀಟರ್ ತಪ್ಪಿದ್ದರೆ ಎರಡರಲ್ಲೂ ಅದೇ ಪಾಲು ತಪ್ಪುತ್ತೆ. ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಎಣ್ಣೆ ಹೆಚ್ಚು ಸಿಗುತ್ತೆ ಅನ್ನುವುದೂ ಅಷ್ಟೇ, ನೆಲದಡಿಯ ಟ್ಯಾಂಕಿನ ಬಿಸಿ ಗಂಟೆಗಂಟೆಗೆ ಬದಲಾಗುವುದಿಲ್ಲ. ಕಾರಿನ ಪುಸ್ತಕದಲ್ಲಿ 35 ಲೀಟರ್ ಅಂತಿದ್ದು 38 ಹಿಡಿಯಿತು ಅಂತ ಜಗಳಕ್ಕೆ ಹೋಗಬೇಡಿ, ಕೊಳವೆಯಲ್ಲೂ ಆವಿಯ ಜಾಗದಲ್ಲೂ ಎಣ್ಣೆ ನಿಲ್ಲುತ್ತೆ.

ಹೊಸನಗರ, ಆಗುಂಬೆ ಕಡೆಯ ಮಳೆಗಾಲದಲ್ಲಿ ಅಳತೆಗಿಂತ ನೀರಿನ ಭಯ ಹೆಚ್ಚು. ಟ್ಯಾಂಕಿಗೆ ನೀರು ನುಗ್ಗಿದರೆ ಪೆಟ್ರೋಲಿನ ಎಥನಾಲ್ ಆ ನೀರಿನ ಜೊತೆ ಸೇರಿ ತಳಕ್ಕಿಳಿಯುತ್ತೆ. ನೀರು ತಾಗಿದರೆ ಬಣ್ಣ ಬದಲಿಸುವ ಪೇಸ್ಟ್ ಹಚ್ಚಿ, ಅಳತೆ ಕೋಲು ಇಳಿಸಿ ತೋರಿಸಿ ಅಂತ ಕೇಳಿ.

ಪಾತ್ರೆ ಕೊಡದಿದ್ದರೆ ಬಿಲ್ ಪಡೆದು, ಅದರ ಮೇಲೆ ನಾಝಲ್ ಸಂಖ್ಯೆ, ಹೊತ್ತು ಬರೆದಿಟ್ಟುಕೊಳ್ಳಿ. ದೂರು ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಇಲ್ಲವೇ ಗ್ರಾಹಕ ಸಹಾಯವಾಣಿ 1915ಕ್ಕೆ.