ಲ್ಯಾಬ್ ಪೂರ್ತಿ ಓಎಸ್ ಹಾಕಲು ಫಾಗ್, ಕ್ಲೋನ್‌ಜಿಲ್ಲಾ, ಡಬ್ಲ್ಯೂಡಿಎಸ್: ನನ್ನ ಓಟು ಫಾಗ್‌ಗೆ

ನಮ್ಮ ಕಾಲೇಜು ಲ್ಯಾಬ್‌ನಲ್ಲಿ 40 ಕಂಪ್ಯೂಟರ್. ಎಲ್ಲದರಲ್ಲೂ ವಿಂಡೋಸ್ ಜೊತೆ ಉಬುಂಟು ಬೇಕು, ಪ್ರತಿ ಸೆಮಿಸ್ಟರ್‌ಗೂ ಹೊಸದಾಗಿ ಹಾಕಬೇಕು. ನೆಟ್‌ವರ್ಕ್ ಮೂಲಕ ಹಲವು ಮೆಷಿನ್‌ಗಳಿಗೆ ಓಎಸ್ ಹಾಕುವ ಫಾಗ್, ಕ್ಲೋನ್‌ಜಿಲ್ಲಾ, ಡಬ್ಲ್ಯೂಡಿಎಸ್ ಮೂರೂ ಸಾಫ್ಟ್‌ವೇರ್ ಬಳಸಿ ನೋಡಿದ್ದೇನೆ, ಇನ್ನು ಫಾಗ್ ಬಿಡುವ ಮಾತೇ ಇಲ್ಲ.

ಮೈಕ್ರೋಸಾಫ್ಟ್‌ನ ಡಬ್ಲ್ಯೂಡಿಎಸ್ ನಮ್ಮಂಥವರಿಗಲ್ಲ. ವಿಂಡೋಸ್ ಸರ್ವರ್ ಲೈಸೆನ್ಸ್ ದುಡ್ಡು ಕೊಡಬೇಕು, ಉಬುಂಟು ಸೇರಿದ ಡಿಸ್ಕನ್ನು ಇದ್ದ ಹಾಗೇ ನಕಲು ಮಾಡಲು ಬರುವುದಿಲ್ಲ. ವಿಂಡೋಸ್ 11ರ ಇನ್‌ಸ್ಟಾಲ್ ಮೀಡಿಯಾದಲ್ಲಿರುವ ಬೂಟ್ ಇಮೇಜ್ (ಮೆಷಿನ್ ಶುರು ಮಾಡಿಸುವ ಫೈಲ್) ಇಟ್ಟು ಅದರಿಂದ ನೇರ ಇನ್‌ಸ್ಟಾಲ್ ಮಾಡುವುದನ್ನು ಮೈಕ್ರೋಸಾಫ್ಟೇ ಕೈಬಿಟ್ಟಿದೆ.

ಕ್ಲೋನ್‌ಜಿಲ್ಲಾ ಒಳ್ಳೆಯದೇ. ಫ್ರೀ, ನೆಟ್‌ವರ್ಕ್‌ನಲ್ಲೂ ಓಡುತ್ತದೆ, ಒಳಗೆ ಕೆಲಸ ಮಾಡುವುದು ಫಾಗ್‌ನಲ್ಲಿರುವ ಪಾರ್ಟ್‌ಕ್ಲೋನ್ ಎಂಬ ಡಿಸ್ಕ್ ನಕಲಿಸುವ ಪ್ರೋಗ್ರಾಮೇ. ಆದರೆ ಶುರು ಮಾಡಿದಾಗಲೆಲ್ಲ ನೀಲಿ ಪರದೆಯಲ್ಲಿ ಒಂದರ ಹಿಂದೊಂದು ಪ್ರಶ್ನೆ: ಡಿಸ್ಕ್ ಯಾವುದು, ಮಲ್ಟಿಕಾಸ್ಟಾ (ಎಲ್ಲಕ್ಕೂ ಒಟ್ಟಿಗೆ) ಯೂನಿಕಾಸ್ಟಾ (ಒಂದೊಂದಕ್ಕೂ ಬೇರೆ ಬೇರೆ), ಮುಗಿದ ಮೇಲೆ ರೀಬೂಟಾ ಶಟ್‌ಡೌನಾ. ಕೊನೆಗೆ ಎಲ್ಲ ಮೆಷಿನ್‌ಗೂ ಒಂದೇ ಹೆಸರು! ಫಾಗ್‌ನಲ್ಲಿ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತು) ಒಮ್ಮೆ ನೋಂದಾಯಿಸಿ, ಇಮೇಜ್‌ನಲ್ಲೇ (ಡಿಸ್ಕಿನ ನಕಲು) ಫಾಗ್ ಕ್ಲೈಂಟ್ ಎಂಬ ಪ್ರೋಗ್ರಾಂ ಹಾಕಿಟ್ಟರೆ ವಿಂಡೋಸ್ ಹೆಸರು ತಾನಾಗೇ ಬದಲಾಗುತ್ತದೆ.

ಫಾಗ್‌ನಲ್ಲಿ ತಲೆ ಕೆಡಿಸಿದ್ದು ಒಂದೇ ವಿಷಯ. ಮೆಷಿನ್ ನೆಟ್‌ವರ್ಕ್‌ನಿಂದ ಬೂಟ್ ಆಗುತ್ತದೆ, ಐಪಿ ಸಿಗುತ್ತದೆ, ಐಪಿಎಕ್ಸ್‌ಇ (ನೆಟ್‌ವರ್ಕ್‌ನಿಂದ ಬೂಟ್ ಮಾಡಿಸುವ ಪುಟ್ಟ ಪ್ರೋಗ್ರಾಂ) ಲೋಡ್ ಆಗುತ್ತದೆ, ಆಮೇಲೆ ಅದೇ ಐಪಿಎಕ್ಸ್‌ಇ ಮತ್ತೆ ಐಪಿ ಕೇಳಿದಾಗ ಮಾತ್ರ ಉತ್ತರವೇ ಇಲ್ಲ. ಐಪಿ ಹಂಚುವ ಡಿಎಚ್‌ಸಿಪಿಯಲ್ಲಿ ಬೂಟ್ ಸರ್ವರ್, ಬೂಟ್ ಫೈಲ್ ತಿಳಿಸುವ 66, 67ನೇ ಆಪ್ಷನ್‌ಗಳನ್ನು ತಿರುವಿ ಮುರುವಿ ನೋಡಿದೆ, ಕೇಬಲ್ ಬದಲಿಸಿದೆ, ಬೂಟ್ ಫೈಲ್ ಬದಲಿಸಿದೆ. ಏನೂ ಆಗಲಿಲ್ಲ. ಮಧ್ಯೆ ಒಂದು ಸುಮ್ನೆ ಇಟ್ಟುಕೊಂಡಿದ್ದ ಹಳೇ ಸ್ವಿಚ್ ಸೇರಿಸಿ ನೋಡಿದರೆ ಸಲೀಸಾಗಿ ಬಂತು!

ಕಾರಣ ಸ್ಪ್ಯಾನಿಂಗ್ ಟ್ರೀ, ಅಂದರೆ ನೆಟ್‌ವರ್ಕ್‌ನಲ್ಲಿ ಲೂಪ್ ಆಗದಂತೆ ಸ್ವಿಚ್ ನೋಡಿಕೊಳ್ಳುವ ವ್ಯವಸ್ಥೆ. ಐಪಿಎಕ್ಸ್‌ಇ ನೆಟ್‌ವರ್ಕ್ ಕಾರ್ಡನ್ನು ಹೊಸದಾಗಿ ಎಬ್ಬಿಸುವಾಗ ಲಿಂಕ್ ಒಮ್ಮೆ ಬಿದ್ದು ಏಳುತ್ತದೆ. ಆಗ ದೊಡ್ಡ ಸ್ವಿಚ್, ಲೂಪ್ ಇದೆಯಾ ಅಂತ ನೋಡಲು ಲಿಸನಿಂಗ್‌ಗೆ 15, ಲರ್ನಿಂಗ್‌ಗೆ 15, ಒಟ್ಟು 30 ಸೆಕೆಂಡ್ ಆ ಪೋರ್ಟಿನಲ್ಲಿ ಏನನ್ನೂ ಬಿಡುವುದಿಲ್ಲ. ಅಷ್ಟರಲ್ಲಿ ಐಪಿಎಕ್ಸ್‌ಇ ಕಾದು ಕೈಬಿಟ್ಟಿರುತ್ತದೆ. ಹಳೇ ಸ್ವಿಚ್ ನಡುವೆ ಇದ್ದರೆ ದೊಡ್ಡ ಸ್ವಿಚ್ಚಿನ ಕಡೆಯ ಲಿಂಕ್ ಬೀಳುವುದೇ ಇಲ್ಲ ಅಲ್ವಾ, ಅದಕ್ಕೇ ಬಂದಿದ್ದು. ಲ್ಯಾಬಿನ ಪೋರ್ಟ್‌ಗಳಿಗೆ ಪೋರ್ಟ್‌ಫಾಸ್ಟ್ (ಈ ಕಾಯುವಿಕೆ ಬಿಟ್ಟು ಪೋರ್ಟ್ ತಕ್ಷಣ ತೆರೆಯುವ ಸೆಟ್ಟಿಂಗ್) ಹಾಕಿದ ಮೇಲೆ ತೊಂದರೆ ಹೋಯಿತು. ಕೆಲವು ಸ್ವಿಚ್‌ಗಳಲ್ಲಿ ಇದನ್ನೇ ಎಡ್ಜ್ ಪೋರ್ಟ್ ಅಂತಾರೆ. ಬೇರೆ ಸ್ವಿಚ್‌ಗೆ ಹೋಗುವ ಪೋರ್ಟಿಗೆ ಮಾತ್ರ ಹಾಕಬೇಡಿ.

ಮಲ್ಟಿಕಾಸ್ಟ್‌ನಲ್ಲಿ ಒಂದು ನಿಧಾನದ ಡಿಸ್ಕ್ ಇದ್ದರೂ ಎಲ್ಲವೂ ಅದಕ್ಕಾಗಿ ಕಾಯುತ್ತವೆ. ಇದು ಕ್ಲೋನ್‌ಜಿಲ್ಲಾದಲ್ಲೂ ಅಷ್ಟೇ.

ಫಾಗ್‌ಗೆ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್ ಪ್ರೋಗ್ರಾಂ ತಡೆಯುವ ಸೆಟ್ಟಿಂಗ್) ಆಫ್ ಮಾಡಬೇಕಾಯಿತು.

ನಾಲ್ಕೈದು ಮೆಷಿನ್ ಇದ್ದರೆ ಕ್ಲೋನ್‌ಜಿಲ್ಲಾ ಪೆನ್‌ಡ್ರೈವ್ ಸಾಕು, ಸರ್ವರ್ ಗೋಜು ಬೇಡ. ನನಗೆ ಸಂಜೆ ಬ್ರೌಸರ್‌ನಲ್ಲಿ ಕೆಲಸ ಹಚ್ಚಿ ಮನೆಗೆ ಹೋಗುವ ಅಭ್ಯಾಸ. ಫಾಗ್ ತಾನೇ ಮೆಷಿನ್‌ಗಳನ್ನು ವೇಕ್ ಆನ್ ಲ್ಯಾನ್‌ನಲ್ಲಿ ಎಬ್ಬಿಸಿ ಇಮೇಜ್ ಹಾಕುತ್ತದೆ. ಸರ್ವರ್ ಅಂದರೆ ಮೂಲೆಗೆ ಬಿದ್ದಿದ್ದ ಒಂದು ಹಳೇ ಡೆಸ್ಕ್‌ಟಾಪ್, ಖರ್ಚಾಗಿದ್ದು ಹಾರ್ಡ್‌ಡಿಸ್ಕ್‌ಗೆ ಮಾತ್ರ.