ಬ್ಲಾಕ್, ಫಿಲ್ಟರ್, ಪ್ಲಸ್, ಅಲಿಯಾಸ್: ಬೇಡದ ಮೇಲ್‌ಗೆ ಯಾವುದು ನಿಜಕ್ಕೂ ಕೆಲಸ ಮಾಡಿತು

ಮೊದಲೇ ಹೇಳಿಬಿಡುತ್ತೇನೆ, ಬ್ಲಾಕ್ ಬಟನ್ ದಂಡ. ನಾನು ಎರಡು ವರ್ಷ ಅದನ್ನೇ ಒತ್ತಿಕೊಂಡು ಕೂತಿದ್ದೆ. ನಿಮಗೆ ಬಹುಮಾನ ಬಂದಿದೆ ಅಂತ ಒಂದು ಮೇಲ್, ಬ್ಲಾಕ್. ಮಾರನೇ ದಿನ ಅದೇ ಬಹುಮಾನ, ಅದೇ ಫೋಟೋ, ಕಳಿಸಿದವರ ವಿಳಾಸ ಮಾತ್ರ ಬೇರೆ. ಮತ್ತೆ ಬ್ಲಾಕ್. ಕಳಿಸಿದವರು ಯಾರು ಅನ್ನುವ ಜಾಗದಲ್ಲಿ ಕಳಿಸುವವನು ಏನು ಬೇಕಾದರೂ ಬರೆದುಕೊಳ್ಳಬಹುದು, ಹೊಸ ವಿಳಾಸ ಹುಟ್ಟಿಸಲು ಅವನಿಗೆ ಖರ್ಚೂ ಇಲ್ಲ ಕಷ್ಟವೂ ಇಲ್ಲ, ನನಗೋ ಪ್ರತಿಯೊಂದಕ್ಕೂ ಎರಡು ಕ್ಲಿಕ್. ಜಿಮೇಲ್‌ನಲ್ಲಂತೂ ಬ್ಲಾಕ್ ಮಾಡಿದರೂ ಮೇಲ್ ಬರುವುದು ನಿಲ್ಲುವುದಿಲ್ಲ, ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿ ಬೀಳುತ್ತದೆ ಅಷ್ಟೇ. ಬಿಡದೆ ಕಾಡುವ ಪರಿಚಯದವರೊಬ್ಬರಿಗೆ ಅದು ಸರಿ. ಸ್ಪ್ಯಾಮ್‌ಗೆ ಅಲ್ಲ.

ಆಮೇಲೆ ಒಂದೂವರೆ ವರ್ಷ ಬೇರೆ ಬೇರೆ ದಾರಿ ಹಿಡಿದು ನೋಡಿದೆ. ಶುರುವಿನಲ್ಲಿ ನಾನು ಮಾಡಿದ ತಪ್ಪು ಎಲ್ಲವನ್ನೂ ಒಂದೇ ಕಾಯಿಲೆ ಅಂದುಕೊಂಡದ್ದು. ಬೇಡದ ಮೇಲ್ ಬೇರೆ, ಕೇಡಿನ ಮೇಲ್ ಬೇರೆ. ಮೊದಲನೆಯದು ಸಮಯ ತಿನ್ನುತ್ತದೆ. ಎರಡನೆಯದು ದುಡ್ಡು ತಿನ್ನುತ್ತದೆ, ಅಕೌಂಟನ್ನೇ ನುಂಗುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ಹಿಡಿಯುವುದು ಅಪರೂಪ.

ಬೇಡದ ಮೇಲ್‌ನಿಂದಲೇ ಶುರು ಮಾಡೋಣ. ಇಲ್ಲಿ ಎಲ್ಲರಿಗೂ ಇರುವ ಗೊಂದಲ: ಅನ್‌ಸಬ್‌ಸ್ಕ್ರೈಬ್ ಒತ್ತಬೇಕಾ, ಸ್ಪ್ಯಾಮ್ ಅಂತ ಗುರುತು ಹಾಕಬೇಕಾ? ನಾನು ಒಂದು ತಿಂಗಳು ಮೊದಲನೆಯದು, ಇನ್ನೊಂದು ತಿಂಗಳು ಎರಡನೆಯದು ಮಾಡಿ ನೋಡಿದೆ. ಎರಡೂ ಬೇಕು, ಆದರೆ ಬೇರೆ ಬೇರೆಯವರಿಗೆ. ನಾನೇ ಯಾವತ್ತೋ ಹೆಸರು ಕೊಟ್ಟಿದ್ದ ಅಂಗಡಿ, ಸುದ್ದಿಪತ್ರ, ಆ್ಯಪ್, ಇವಕ್ಕೆ ಅನ್‌ಸಬ್‌ಸ್ಕ್ರೈಬ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೊದಲಾದರೆ ಮೇಲ್‌ನ ತಳಕ್ಕೆ ಹೋಗಿ ಬೂದು ಬಣ್ಣದ ಇರುವೆಯಷ್ಟು ಅಕ್ಷರಗಳಲ್ಲಿ ಅದನ್ನು ಹುಡುಕಬೇಕಿತ್ತು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಒಂದು ಕಟ್ಟುನಿಟ್ಟು ತಂದವು. ದೊಡ್ಡ ಪ್ರಮಾಣದಲ್ಲಿ ಜಾಹೀರಾತು ಮೇಲ್ ಕಳಿಸುವವರು (ಜಿಮೇಲ್ ಲೆಕ್ಕದಲ್ಲಿ ದಿನಕ್ಕೆ 5000 ದಾಟಿದವರು) ಒಂದೇ ಕ್ಲಿಕ್ಕಿನಲ್ಲಿ ಬಿಡಿಸಿಕೊಳ್ಳುವ ವ್ಯವಸ್ಥೆ ಕೊಡಬೇಕು, ಎರಡು ದಿನದೊಳಗೆ ಹೆಸರು ತೆಗೆಯಬೇಕು. ಆ ಬಟನ್ ಈಗ ಕಳಿಸಿದವರ ಹೆಸರಿನ ಪಕ್ಕದಲ್ಲೇ ಕಾಣುತ್ತದೆ. ಒಳಗಿನ ಲಿಂಕ್ ಮುಟ್ಟದೆ ಅದನ್ನೇ ಬಳಸಿ.

ಯಾರು ಅಂತಲೇ ಗೊತ್ತಿಲ್ಲದವರು ಕಳಿಸಿದ್ದಾದರೆ ಅನ್‌ಸಬ್‌ಸ್ಕ್ರೈಬ್ ಮುಟ್ಟಲೇಬಾರದು. ಈ ವಿಳಾಸದಲ್ಲಿ ಮೇಲ್ ಓದುವವರು ಇದ್ದಾರೆ ಅಂತ ನಾವೇ ರಸೀದಿ ಬರೆದುಕೊಟ್ಟ ಹಾಗೆ. ಅಲ್ಲಿ ಸ್ಪ್ಯಾಮ್ ಬಟನ್. ಅದಕ್ಕೆ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಲ ಇದೆ. ದೂರಿನ ಪ್ರಮಾಣ ಶೇಕಡಾ 0.3 ಮುಟ್ಟಿದರೆ ದೊಡ್ಡ ಕಳಿಸುವವರ ಮೇಲ್‌ಗಳೇ ಇನ್‌ಬಾಕ್ಸ್ ತಲುಪುವುದು ಕಷ್ಟ ಆಗುತ್ತದೆ. ಅಂದರೆ ಸಾವಿರಕ್ಕೆ ಮೂರು ಜನ. ಒಂದು ಆನ್‌ಲೈನ್ ಅಂಗಡಿಯವರು ಅನ್‌ಸಬ್‌ಸ್ಕ್ರೈಬ್ ಮಾಡಲು ಮೊದಲು ಲಾಗಿನ್ ಆಗಿ ಅಂದರು, ಪಾಸ್‌ವರ್ಡ್ ಮರೆತಿದ್ದೆ, ಹೊಸದು ಮಾಡಿಕೊಂಡು ಒಳಗೆ ಹೋದರೆ ಇಪ್ಪತ್ತು ಬಗೆಯ ಮೇಲ್‌ಗೆ ಇಪ್ಪತ್ತು ಟಿಕ್ ತೆಗೆಯಬೇಕಿತ್ತು. ಅಂಥವರಿಗೆ ನಾನು ಸ್ಪ್ಯಾಮ್ ಒತ್ತುವಾಗ ಒಂಚೂರೂ ಬೇಜಾರಾಗುವುದಿಲ್ಲ.

ಇನ್ನು ಫಿಲ್ಟರ್‌ಗಳು. ಜಿಮೇಲ್‌ನದು ಹೇಳದೆಯೇ ಕೆಲಸ ಮಾಡುತ್ತದೆ. ಕಂಪ್ಯೂಟರಿನಲ್ಲಿ ಮೇಲ್ ಓದುವ ಥಂಡರ್‌ಬರ್ಡ್ ತಂತ್ರಾಂಶದ್ದು ನಾವು ಕಲಿಸಿದಷ್ಟೇ ಕಲಿಯುತ್ತದೆ. ಕಸದಲ್ಲಿ ಯಾವ ಪದ ಎಷ್ಟು ಸಲ ಬರುತ್ತದೆ, ಒಳ್ಳೆ ಮೇಲ್‌ನಲ್ಲಿ ಎಷ್ಟು ಸಲ ಬರುತ್ತದೆ ಅಂತ ಎಣಿಸಿ, ಹೊಸ ಮೇಲ್ ಯಾವ ಕಡೆ ವಾಲುತ್ತದೆ ಅಂತ ಅಂದಾಜು ಮಾಡುವ ಲೆಕ್ಕ ಅದು. ಅದಕ್ಕೇ ಕಸ ತೋರಿಸಿದರೆ ಸಾಲದು, ಇದು ಕಸ ಅಲ್ಲ ಅಂತಲೂ ತೋರಿಸಬೇಕು. ನಾನು ಮೊದಲು ಕಸ ಮಾತ್ರ ತೋರಿಸುತ್ತಾ ಹೋದೆ. ಎರಡು ವಾರದಲ್ಲಿ ಅದು ನನ್ನ ಸ್ವಂತ ತಮ್ಮನ ಮೇಲನ್ನೂ ಕಸ ಅಂದಿತು! ಸರಿಯಾಗಿ ಕಲಿಸಿದ ಮೇಲೆ ಪದೇ ಪದೇ ಬರುವ ಜಾಹೀರಾತುಗಳನ್ನು ಚೆನ್ನಾಗಿ ಹಿಡಿಯಿತು. ಬರಹವೇ ಇಲ್ಲದ, ಬರೀ ಒಂದು ಚಿತ್ರ ಇರುವ ಮೇಲ್ ಮುಂದೆ ಸೋತಿತು. ಎಣಿಸಲು ಪದವೇ ಇಲ್ಲದಿದ್ದರೆ ಪಾಪ ಅದಾದರೂ ಏನು ಮಾಡುತ್ತದೆ.

ನಾನೇ ಬರೆದ ಒಂದು ಫಿಲ್ಟರ್ ಈ ಎರಡಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಮೇಲ್ ಒಳಗೆ ಅನ್‌ಸಬ್‌ಸ್ಕ್ರೈಬ್ ಅನ್ನುವ ಇಂಗ್ಲಿಷ್ ಪದ ಇದ್ದರೆ ಅದು ಇನ್‌ಬಾಕ್ಸ್‌ಗೆ ಬರದೆ ಬೇರೆ ಫೋಲ್ಡರ್‌ಗೆ ಹೋಗಲಿ, ಅಷ್ಟೇ. ಮೊದಲ ದಿನವೇ ಇನ್‌ಬಾಕ್ಸ್ ಖಾಲಿ ಹೊಡೆಯಿತು. ತೊಂದರೆ ಏನೆಂದರೆ ಟಿಕೆಟ್, ಬಿಲ್ ಕಳಿಸುವ ಕೆಲವರೂ ತಳದಲ್ಲಿ ಆ ಪದ ಸೇರಿಸಿರುತ್ತಾರೆ. ಅದಕ್ಕೆ ಆ ಫೋಲ್ಡರನ್ನು ದಿನಕ್ಕೊಮ್ಮೆ ನೋಡಲೇಬೇಕು. ಸ್ಪ್ಯಾಮ್ ಫೋಲ್ಡರೂ ಅಷ್ಟೇ. ಒಂದು ಕೆಲಸದ ಸಂದರ್ಶನದ ಉತ್ತರ ಅಲ್ಲಿ 26 ದಿನ ಬಿದ್ದಿತ್ತು. ಜಿಮೇಲ್ 30 ದಿನಕ್ಕೆ ಅಳಿಸುತ್ತದೆ. ಇನ್ನು ನಾಲ್ಕು ದಿನ ನೋಡದಿದ್ದರೆ ಅದು ಬಂದಿತ್ತು ಅಂತಲೇ ಗೊತ್ತಾಗುತ್ತಿರಲಿಲ್ಲ.

ಆದರೆ ಇದೆಲ್ಲ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ. ವಿಳಾಸ ಹೊರಗೆ ಹೋಗಿಯಾಗಿದೆ. ಮೊದಲ ಸ್ಪ್ಯಾಮ್ ಅಂತ ಕರೆಯುವ ಮೇಲ್ ಹೋದದ್ದು 1978ರ ಮೇ 3ರಂದು. ಡಿಇಸಿ ಕಂಪ್ಯೂಟರ್ ಕಂಪನಿಯ ಗ್ಯಾರಿ ಥುರ್ಕ್ ಇಂಟರ್ನೆಟ್‌ಗೂ ಮೊದಲಿನ ಜಾಲವಾದ ಆರ್ಪಾನೆಟ್‌ನಲ್ಲಿದ್ದ ಸುಮಾರು 400 ಜನಕ್ಕೆ ತಮ್ಮ ಹೊಸ ಯಂತ್ರಗಳ ಜಾಹೀರಾತು ಕಳಿಸಿದರು. ವಿಳಾಸ ಎಲ್ಲಿಂದ? ಅಚ್ಚಾದ ಡೈರೆಕ್ಟರಿಯಿಂದ. ಅವತ್ತೂ ಬೇಕಾಗಿದ್ದದ್ದು ವಿಳಾಸದ ಪಟ್ಟಿಯೊಂದೇ, ಇವತ್ತೂ ಅದೇ. ಡೈರೆಕ್ಟರಿ ಬದಲು ಈಗ ಸೋರಿದ ಡೇಟಾ. ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ಹ್ಯಾವ್ ಐ ಬೀನ್ ಪೋನ್ಡ್ ಅನ್ನುವ ಸೈಟ್‌ನಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. ನನ್ನದು ಏಳು ಸೋರಿಕೆಗಳಲ್ಲಿತ್ತು. ಅದರಲ್ಲಿ ಎರಡು ಸೈಟ್ ಬಳಸಿದ್ದು ನನಗೆ ನೆನಪೇ ಇರಲಿಲ್ಲ.

ಹಾಗಾಗಿ ವಿಳಾಸವನ್ನೇ ಕೊಡದೆ ಬದುಕುವ ದಾರಿಗಳಿಗೆ ಬಂದೆ.

ಪ್ಲಸ್ ಚಿಹ್ನೆ ಮೊದಲು. ಜಿಮೇಲ್‌ನಲ್ಲಿ ನಿಮ್ಮ ಹೆಸರಿನ ನಂತರ, @ ಚಿಹ್ನೆಗೆ ಮೊದಲು ಪ್ಲಸ್ ಹಾಕಿ ಏನು ಬೇಕಾದರೂ ಸೇರಿಸಿ, ಮೇಲ್ ನಿಮಗೇ ಬರುತ್ತದೆ. ಔಟ್‌ಲುಕ್‌ನಲ್ಲೂ ಇದೆ. ದುಡ್ಡು ಬೇಡ, ಸೆಟ್ಟಿಂಗ್ ಬೇಡ. ಒಂದು ಸಣ್ಣ ಸೈಟ್‌ಗೆ ಅವರದೇ ಹೆಸರು ಸೇರಿಸಿ ಕೊಟ್ಟಿದ್ದೆ, ನಾಲ್ಕು ತಿಂಗಳಾದ ಮೇಲೆ ಅದೇ ವಿಳಾಸಕ್ಕೆ ಲಾಟರಿ ಮೇಲ್ ಬಂತು. ಕಳ್ಳ ಸಿಕ್ಕಿದ! ಆ ಖುಷಿ ಒಂದು ದಿನ ಇತ್ತು. ಆಮೇಲೆ ಹೊಳೆಯಿತು, ಪ್ಲಸ್‌ನಿಂದ ಮುಂದಿನದನ್ನು ಅಳಿಸಿದರೆ ನನ್ನ ನಿಜವಾದ ವಿಳಾಸ ಅಲ್ಲೇ ಬೆತ್ತಲೆ ನಿಂತಿರುತ್ತದೆ. ಪಟ್ಟಿ ಮಾರುವವನಿಗೆ ಅದನ್ನು ಅಳಿಸುವುದು ಒಂದು ಸಾಲಿನ ಕೆಲಸ. ಎಷ್ಟೋ ಫಾರ್ಮ್‌ಗಳು ಪ್ಲಸ್ ಕಂಡರೆ ವಿಳಾಸ ತಪ್ಪು ಅನ್ನುತ್ತವೆ. ಹೆಸರಿನ ನಡುವೆ ಚುಕ್ಕಿ ಇಡುವ ಆಟವೂ ಇದೇ ಜಾತಿ. ಜಿಮೇಲ್ ಚುಕ್ಕಿಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಕಳ್ಳನನ್ನು ಹಿಡಿಯಲು ಇವು ಸಾಕು, ಬಾಗಿಲು ಹಾಕಲು ಸಾಲದು.

ಬಳಸಿ ಬಿಸಾಡುವ ವಿಳಾಸ, ಟೆನ್ ಮಿನಿಟ್ ಮೇಲ್, ಮೇಲಿನೇಟರ್ ಥರದ್ದು, ಒಂದು ಫೈಲ್ ಇಳಿಸಿಕೊಳ್ಳಲು ಸೊಗಸು. ಆದರೆ ಮೇಲಿನೇಟರ್‌ನ ಸಾರ್ವಜನಿಕ ಡಬ್ಬಗಳನ್ನು ಆ ಹೆಸರು ಟೈಪ್ ಮಾಡಿದ ಯಾರು ಬೇಕಾದರೂ ಓದಬಹುದು, ಅದು ಇರುವುದೇ ಹಾಗೆ. ಒಮ್ಮೆ ಇಂಥದ್ದರಲ್ಲಿ ಅಕೌಂಟ್ ಮಾಡಿ, ಆಮೇಲೆ ಆ ಸೈಟ್ ಇಷ್ಟವಾಗಿ, ಆರು ತಿಂಗಳ ಕೆಲಸ ಅಲ್ಲೇ ಇಟ್ಟು, ಪಾಸ್‌ವರ್ಡ್ ಮರೆತಾಗ ರೀಸೆಟ್ ಮೇಲ್ ಹೋಗಬೇಕಾದ ಡಬ್ಬವೇ ಇರಲಿಲ್ಲ. ತಪ್ಪು ಪೂರ್ತಿ ನನ್ನದೇ.

ಅಲಿಯಾಸ್ ಅಂದರೆ ನಡುವೆ ಒಬ್ಬ ನಿಂತು ಮೇಲ್ ದಾಟಿಸುವುದು. ಸೈಟ್‌ಗೆ ಹೋಗುವುದು ಅರ್ಥವಿಲ್ಲದ ಒಂದು ವಿಳಾಸ, ಅಲ್ಲಿಗೆ ಬಂದದ್ದು ನಿಮ್ಮ ಇನ್‌ಬಾಕ್ಸ್‌ಗೆ ಬರುತ್ತದೆ, ಬೇಡವಾದಾಗ ಆ ವಿಳಾಸವನ್ನೇ ಬಂದ್ ಮಾಡಿಬಿಡಬಹುದು. ಮೂರು ಬಳಸಿದೆ. ಫೈರ್‌ಫಾಕ್ಸ್ ರಿಲೇ ಚೊಕ್ಕ, ಆದರೆ ಪುಕ್ಕಟೆಯಲ್ಲಿ ಐದೇ ವಿಳಾಸ, ನನಗೆ ಅವು ಒಂದು ವಾರಕ್ಕೂ ಬರಲಿಲ್ಲ. ಡಕ್‌ಡಕ್‌ಗೋ ಎಷ್ಟು ಬೇಕಾದರೂ ಕೊಡುತ್ತದೆ, ಜೊತೆಗೆ ನೀವು ಮೇಲ್ ತೆರೆದಿರಾ ಅಂತ ಕದ್ದು ನೋಡುವ ಕಣ್ಣಿಗೆ ಕಾಣದ ಚಿತ್ರಗಳನ್ನು ಕಿತ್ತುಹಾಕಿ ಕಳಿಸುತ್ತದೆ. ಅದು ನನಗೆ ತುಂಬಾ ಹಿಡಿಸಿತು. ಆದರೆ ನಾನು ಬಳಸಿದಾಗ ಯಾವ ಸೈಟ್‌ಗೆ ಯಾವ ವಿಳಾಸ ಕೊಟ್ಟೆ ಅಂತ ಒಂದೇ ಕಡೆ ನೋಡುವ ಪಟ್ಟಿ ಇರಲಿಲ್ಲ, ನಾನೇ ಬರೆದಿಟ್ಟುಕೊಳ್ಳಬೇಕಿತ್ತು. ಬರೆದಿಡುವ ಜಾತಿ ನಾನಲ್ಲ.

ಕೊನೆಗೆ ನಿಂತದ್ದು ಸಿಂಪಲ್‌ಲಾಗಿನ್‌ನಲ್ಲಿ. 2022ರಲ್ಲಿ ಪ್ರೋಟಾನ್ ಅನ್ನುವ ಮೇಲ್ ಕಂಪನಿ ಅದನ್ನು ಕೊಂಡುಕೊಂಡಿತು. ಪುಕ್ಕಟೆಯಲ್ಲಿ ಹತ್ತು, ಜಾಸ್ತಿ ಬೇಕಾದರೆ ದುಡ್ಡು. ಪ್ರತಿ ವಿಳಾಸದ ಪಕ್ಕ ಲೈಟ್ ಸ್ವಿಚ್ಚಿನ ಹಾಗೆ ಒಂದು ಗುಂಡಿ. ಉತ್ತರ ಬರೆಯುವುದು ಮಾತ್ರ ಸ್ವಲ್ಪ ತಿರುಗುಮುರುಗು, ಆ ಅಲಿಯಾಸ್‌ನಿಂದಲೇ ಹೊಸ ಮೇಲ್ ಬರೆಯಬೇಕಾದರೆ ಮೊದಲು ಒಂದು ಉದ್ದನೆಯ ತಿರುಗು ವಿಳಾಸ ಮಾಡಿಕೊಳ್ಳಬೇಕು. ಇನ್ನೊಂದು ಮಾತು, ಎಲ್ಲ ಅಲಿಯಾಸ್ ಸೇವೆಗೂ ಇದು ಅನ್ವಯಿಸುತ್ತದೆ. ನಡುವಿನವನನ್ನು ನಂಬಿದ್ದೀರಿ. ಅವನು ಅಂಗಡಿ ಮುಚ್ಚಿದರೆ ಆ ವಿಳಾಸಗಳೆಲ್ಲ ಒಟ್ಟಿಗೆ ಸಾಯುತ್ತವೆ. ಕೆಲವು ಸೈಟ್‌ಗಳು ಇಂಥ ವಿಳಾಸಗಳನ್ನು ಗುರುತಿಸಿ ಬೇಡ ಅನ್ನುವುದೂ ಉಂಟು.

ಅದಕ್ಕೆ ಸ್ವಂತ ಡೊಮೇನ್ (ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಹೆಸರು) ತಗೊಂಡು, ಅದರಲ್ಲಿ ಯಾವ ಹೆಸರಿಗೆ ಬಂದ ಮೇಲ್ ಆದರೂ ನನಗೇ ಬರುವಂತೆ ಮಾಡಿಯೂ ನೋಡಿದೆ. ಮೂರು ತಿಂಗಳು ಸ್ವರ್ಗ. ಆಮೇಲೆ ಸೇಲ್ಸ್, ಅಡ್ಮಿನ್, ಇನ್ಫೋ ಅಂತ ನಾನು ಯಾರಿಗೂ ಕೊಡದ ಹೆಸರುಗಳಿಗೆಲ್ಲ ಕಸ ಸುರಿಯಿತು. ಬಾಗಿಲೇ ಇಲ್ಲದ ಮನೆ ಅದು. ಡೊಮೇನ್ ನವೀಕರಿಸಲು ಮರೆತರೆ ಇನ್ನೊಬ್ಬ ಅದನ್ನು ಕೊಂಡು, ನಿಮ್ಮ ಪಾಸ್‌ವರ್ಡ್ ರೀಸೆಟ್ ಮೇಲ್‌ಗಳನ್ನೆಲ್ಲ ತಾನು ಪಡೆಯಬಹುದು. ಇದನ್ನು ಯೋಚಿಸಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಈಗ ಡೊಮೇನ್ ಇದೆ, ಆದರೆ ನಾನು ಮಾಡಿದ ಹೆಸರುಗಳಿಗೆ ಮಾತ್ರ ಮೇಲ್ ಬರುತ್ತದೆ, ನವೀಕರಣ ತಾನಾಗೇ ಆಗುವಂತೆ ಇಟ್ಟಿದ್ದೇನೆ.

ಕೇಡಿನ ಮೇಲ್ ವಿಷಯಕ್ಕೆ ಬಂದರೆ, ಅಲಿಯಾಸ್‌ನಿಂದ ನಾನು ನಿರೀಕ್ಷಿಸದ ಒಂದು ಲಾಭ ಆಯಿತು. ಬ್ಯಾಂಕ್‌ಗೆ ಕೊಟ್ಟ ವಿಳಾಸ ಬ್ಯಾಂಕ್‌ಗೆ ಮಾತ್ರ ಗೊತ್ತು. ಹಳೇ ವಿಳಾಸಕ್ಕೆ ಬ್ಯಾಂಕ್ ಹೆಸರಲ್ಲಿ ಏನು ಬಂದರೂ ಓದುವ ಮೊದಲೇ ಅದು ಸುಳ್ಳು. ಆದರೆ ಸೋರಿಕೆ ಬ್ಯಾಂಕಿನ ಕಡೆಯಿಂದಲೇ ಆದರೆ ಈ ಉಪಾಯ ಕೈಕೊಡುತ್ತದೆ, ಅದಕ್ಕೆ ಇದೊಂದನ್ನೇ ನೆಚ್ಚಿಕೊಳ್ಳಲಿಲ್ಲ.

ಮೇಲ್‌ನ ಮೂಲ ತೆರೆದು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನುವ, ಕಳಿಸಿದ ಡೊಮೇನ್ ನಿಜವಾ ಅಂತ ನೋಡುವ ಮೂರು ಪರೀಕ್ಷೆ ಪಾಸ್ ಆಗಿದೆಯಾ ಅಂತ ನೋಡುವುದನ್ನು ಒಂದಷ್ಟು ದಿನ ಶ್ರದ್ಧೆಯಿಂದ ಮಾಡಿದೆ. ಪಾಸ್ ಆಗದಿದ್ದರೆ ಅನುಮಾನ ಪಡಬೇಕು, ಸರಿ. ಆದರೆ ಪಾಸ್ ಆಯಿತು ಅಂದರೆ ಈ ಮೇಲ್ ನಿಜವಾಗಿ ಆ ಡೊಮೇನ್‌ನಿಂದಲೇ ಬಂದಿದೆ ಅಂತ ಅರ್ಥ, ಆ ಡೊಮೇನ್ ಒಳ್ಳೆಯವರದ್ದು ಅಂತ ಅಲ್ಲ. ಮೋಸಗಾರ ತನ್ನದೇ ಡೊಮೇನ್ ಕೊಂಡರೆ ಮೂರೂ ಪಾಸ್. ಕಣ್ಣಳತೆಯೂ ನಂಬಿಕೆಗೆ ಅರ್ಹವಲ್ಲ. ಇಂಗ್ಲಿಷಿನ ಆರ್ ಮತ್ತು ಎನ್ ಪಕ್ಕಪಕ್ಕ ಕೂತರೆ ಎಮ್ ಥರ ಕಾಣುತ್ತದೆ, ಅದೂ ಫೋನ್ ಪರದೆಯಲ್ಲಿ. ಕಾಗುಣಿತ ತಪ್ಪು ನೋಡಿ ಹಿಡಿಯುವ ಕಾಲವೂ ಹೋಯಿತು, ಈಗಿನ ಮೋಸದ ಮೇಲ್‌ಗಳನ್ನು ನನಗಿಂತ ಚೆನ್ನಾಗಿ ಬರೆದಿರುತ್ತಾರೆ.

ನನ್ನನ್ನು ಉಳಿಸಿದ್ದು ಪಾಸ್‌ವರ್ಡ್ ಮ್ಯಾನೇಜರ್. ಪಾರ್ಸೆಲ್ ಒಂದಕ್ಕೆ ಕಾಯುತ್ತಿದ್ದೆ, ಪಾರ್ಸೆಲ್ ತಡೆಹಿಡಿಯಲಾಗಿದೆ ಅಂತ ಮೇಲ್ ಬಂತು, ಅವಸರದಲ್ಲಿ ಒತ್ತಿದೆ, ಪುಟವೂ ಅಚ್ಚುಕಟ್ಟಾಗಿ ತೆರೆಯಿತು, ಆದರೆ ದಿನಾ ತಾನಾಗೇ ಪಾಸ್‌ವರ್ಡ್ ತುಂಬುವ ಮ್ಯಾನೇಜರ್ ಅವತ್ತು ಸುಮ್ನೆ ಕೂತಿತ್ತು. ಸಿಟ್ಟು ಬಂತು. ಕೈಯಲ್ಲೇ ನಕಲು ಮಾಡಿ ಹಾಕಲು ಹೊರಟಿದ್ದೆ. ಆಗ ಮೇಲೆ ವಿಳಾಸ ನೋಡಿದೆ. ಒಂದಕ್ಷರ ಜಾಸ್ತಿ. ಮ್ಯಾನೇಜರ್ ಪುಟದ ಚಂದ ನೋಡುವುದಿಲ್ಲ, ಡೊಮೇನ್ ಮಾತ್ರ ನೋಡುತ್ತದೆ. ಪಾಸ್‌ಕೀ (ಪಾಸ್‌ವರ್ಡ್ ಬದಲು ನಮ್ಮ ಫೋನ್ ಅಥವಾ ಕಂಪ್ಯೂಟರಿನಲ್ಲೇ ಇರುವ ಡಿಜಿಟಲ್ ಕೀಲಿ) ಇದಕ್ಕಿಂತ ಒಂದು ಹೆಜ್ಜೆ ಮುಂದೆ. ನಕಲು ಮಾಡಿ ಕೊಡಲು ನಮ್ಮ ಕೈಯಲ್ಲಿ ಏನೂ ಇರುವುದೇ ಇಲ್ಲ, ಬೇರೆ ಡೊಮೇನ್‌ನಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ. ಎಸ್‌ಎಂಎಸ್‌ನಲ್ಲಿ ಬರುವ ಓಟಿಪಿಗೆ ಈ ಗುಣ ಇಲ್ಲ. ಸುಳ್ಳು ಪುಟ ಅದನ್ನೂ ಕೇಳುತ್ತದೆ, ನಾವೂ ಕೊಡುತ್ತೇವೆ, ಅವನು ಅದೇ ನಿಮಿಷ ನಿಜವಾದ ಸೈಟ್‌ನಲ್ಲಿ ಹಾಕುತ್ತಾನೆ. ಇಲ್ಲದ್ದಕ್ಕಿಂತ ಮೇಲು, ಅಷ್ಟೇ.

ಅಟ್ಯಾಚ್‌ಮೆಂಟ್ ಬಗ್ಗೆ ಎರಡೇ ಮಾತು. 2000ದ ಮೇ ತಿಂಗಳ ಐ ಲವ್ ಯೂ ವೈರಸ್ ಪ್ರೇಮಪತ್ರದ ಟೆಕ್ಸ್ಟ್ ಫೈಲ್ ಥರ ಬಂದಿತ್ತು. ಹೆಸರಿನ ಕೊನೆಯ ತುಂಡನ್ನು ವಿಂಡೋಸ್ ಬಚ್ಚಿಡುತ್ತಿದ್ದರಿಂದ ಅದು ಓಡುವ ಸ್ಕ್ರಿಪ್ಟ್ ಅಂತ ಜನಕ್ಕೆ ಕಾಣಲಿಲ್ಲ. ನಾನು ವಿಂಡೋಸ್‌ನಲ್ಲಿ ಫೈಲ್ ಹೆಸರು ಪೂರ್ತಿ ತೋರಿಸುವ ಆಯ್ಕೆ ಹಾಕಿಟ್ಟಿದ್ದೇನೆ, ಮತ್ತು ಪಾಸ್‌ವರ್ಡ್ ಹಾಕಿದ ಜಿಪ್ ಬಂದರೆ ಕಳಿಸಿದವರಿಗೆ ಫೋನ್ ಮಾಡದೆ ತೆರೆಯುವುದಿಲ್ಲ. ಬೀಗ ಹಾಕಿದ ಜಿಪ್‌ನ ಒಳಗಿನದ್ದನ್ನು ಸ್ಕ್ಯಾನರ್ ಕೂಡ ನೋಡಲಾರದು ಅಲ್ವಾ.

ಈಗ 70 ಚಿಲ್ಲರೆ ಅಲಿಯಾಸ್ ಇವೆ. ದುಡ್ಡಿನ ವ್ಯವಹಾರದ ಸೈಟ್‌ಗಳನ್ನು ಮೊದಲು ಬದಲಾಯಿಸಿದೆ, ಉಳಿದವನ್ನು ಲಾಗಿನ್ ಆದಾಗಲೆಲ್ಲ ಒಂದೊಂದಾಗಿ. ಹಳೇ ವಿಳಾಸವನ್ನು ಮುಚ್ಚಿಲ್ಲ, ವಾರಕ್ಕೊಮ್ಮೆ ಇಣುಕುತ್ತೇನೆ. ಇಲ್ಲಿಯವರೆಗೆ ಒಂಬತ್ತು ಅಲಿಯಾಸ್ ಬಂದ್ ಮಾಡಿದ್ದೇನೆ. ಒಂಬತ್ತನೆಯದು ಇಪ್ಪತ್ತು ಟಿಕ್ ತೆಗೆಸಿದ ಆ ಅಂಗಡಿಯದ್ದು, ಮತ್ತೆ ಹೋಗಿ ಏನೋ ಕೊಂಡಿದ್ದೆ, ನಾಚಿಕೆಯಿಲ್ಲದೆ. ಈ ಸಲ ಲಾಗಿನ್ ಆಗಬೇಕಾಗಲಿಲ್ಲ.